ಎಡ್ಗರ್ ಪ್ಯಾಲಂಟರ ತೆಂಕಣ ಗೋಡೆ

ಎಡ್ಗರ್ ಪ್ಯಾಲಂಟ್ ಕುರ್ಚಿಗೆ ಬೆನ್ನು ಒರಗಿಸಿ ಕೂತದ್ದನ್ನು ನಾನು ಒಮ್ಮೆಯೂ ಕಂಡಿಲ್ಲ. ನಮ್ಮ ಹಿತ್ತಿಲಿಗೂ ಅವರ ಹಿತ್ತಿಲಿಗೂ ನಡುವೆ ಎದೆಯೆತ್ತರದ ಹಲಗೆ ಬೇಲಿಯೊಂದೇ. ಆಚೆ ಅವರು ಕುರ್ಚಿಯ ಅಂಚಿನಲ್ಲಿ ಕೂತು, ಟೀ ಲೋಟವನ್ನು ಮೊಣಕಾಲ ಮೇಲಿಟ್ಟುಕೊಂಡು, ಅದು ಆರುವ ಮೊದಲೇ ಎದ್ದುಬಿಡುತ್ತಿದ್ದರು. ಈರುಳ್ಳಿ ಮಡಿಯ ಸುತ್ತ ಹಾಕಿದ್ದ ಇಟ್ಟಿಗೆಗಳನ್ನು ಕಿತ್ತು ಮತ್ತೆ ಕೂರಿಸುತ್ತಿದ್ದರು. ಹಿಂದಿನ ವಾರವಷ್ಟೇ ಕೂರಿಸಿದ ಇಟ್ಟಿಗೆಗಳನ್ನೇ. "ಇವನಿಗೆ ಇಡೀ ಕುರ್ಚಿ ಯಾಕೆ, ಒಂದು ಅಂಚು ತಂದುಕೊಟ್ಟಿದ್ರೆ ಸಾಕಿತ್ತು" ಎಂದು ಅವರ ಹೆಂಡತಿ ಮೇವಿಸ್ ಬೇಲಿಯ ಈಚೆಗೂ ಕೇಳುವಂತೆ ಹೇಳುತ್ತಿದ್ದರು.

ಆಗ ಅವರಿಗೆ ಅರವತ್ತೇಳು. ಗಾರೆ ಕೆಲಸ ಬಿಟ್ಟು ಎರಡು ವರ್ಷವಾಗಿತ್ತು. ಆದರೂ ಬೆಳಿಗ್ಗೆ ಒಂಬತ್ತಕ್ಕೆ ಟೋಪಿ ಹಾಕಿಕೊಂಡು, ಚರ್ಚಿನ ಪಕ್ಕದ ಓಣಿ ಹಿಡಿದು ಪೆನ್ನಿಕ್ ಮನೆಯವರೆಗೆ ಹೋಗಿಬರುವುದು ತಪ್ಪಿರಲಿಲ್ಲ. ಹೋಗಿ ಮಾಡುವುದೇನೂ ಇಲ್ಲ. ಗೋಡೆಯ ಪಕ್ಕದಲ್ಲೇ ನಡೆಯುತ್ತ ಅಂಗೈಯನ್ನು ಇಟ್ಟಿಗೆಗಳ ಮೇಲೆ ಎಳೆದುಕೊಂಡು ಒಂದು ಸುತ್ತು ಬರುವುದು, ಅಷ್ಟೇ.

ನಮ್ಮೂರಾದ ಸ್ಯಾಲೋಫೀಲ್ಡಿನಲ್ಲಿ 'ಮನೆ' ಎಂದರೆ ಪೆನ್ನಿಕ್ ಮನೆ. ಆ ಮನೆ ಯಾರಿಗೂ ಇದ್ದ ಹಾಗೆ ಹಿಡಿಸಿದ್ದಿಲ್ಲ. ನಾಲ್ಕೂವರೆ ಶತಮಾನದ ಹಿಂದೆ ಉಣ್ಣೆ ಮಾರಿ ಮೇಲೆ ಬಂದವನೊಬ್ಬ ಕಟ್ಟಿಸಿದ್ದು. ಇಲ್ಲಿನ ಹೊಲದ ಮಣ್ಣಿನಲ್ಲೇ ಸುಟ್ಟ ತೆಳ್ಳನೆಯ ಕೆಂಪು ಇಟ್ಟಿಗೆ. ಗೂಡಿನಲ್ಲಿ ಹೆಚ್ಚು ಬೆಂದು ಕಪ್ಪಾದವನ್ನು ನಡುನಡುವೆ ಇಟ್ಟು, ಗೋಡೆಯ ತುಂಬ ಬಲೆ ಹರಡಿದಂಥ ಚಿತ್ತಾರ. ಎರಡು ಶತಮಾನದ ಮೇಲೆ ಬಂದ ಒಡೆಯನಿಗೆ ಅದು ಹಳ್ಳಿಗಾಡಿನದೆನ್ನಿಸಿತು. ಅವನು ಮುಂಭಾಗಕ್ಕೆ ಹೊಸ ಮುಖ ತೊಡಿಸಿದ. ಒಂದೇ ಅಳತೆಯ ಉದ್ದನೆಯ ಕಿಟಕಿಗಳು, ಮೇಲೆ ಕೆಳಗೆ ಸರಿಯುವ ಗಾಜು, ಹಳೆಯ ಮೆಟ್ಟಿಲು ಮೆಟ್ಟಿಲಾದ ಗೋಡೆತಲೆ ಕಾಣದ ಹಾಗೆ ಒಂದು ಅಡ್ಡಗೋಡೆ. ಹೊರಗಿನ ಕಿಟಕಿಗೂ ಒಳಗಿನ ನೆಲಕ್ಕೂ ತಾಳೆಯಾಗಲಿಲ್ಲ. ಮಹಡಿಯ ಒಂದು ಕೋಣೆಯಲ್ಲಿ ಇವತ್ತಿಗೂ ಕಿಟಕಿ ನೆಲದಿಂದ ಹುಟ್ಟಿ ಮೊಣಕಾಲಿಗೆ ಮುಗಿದುಹೋಗುತ್ತದೆ. ಹೊರಗೆ ನೋಡಬೇಕೆಂದರೆ ಮಲಗಿಕೊಳ್ಳಬೇಕು. ಅವನ ಮೊಮ್ಮಗ ಎರಡು ಕಿಟಕಿ ಮುಚ್ಚಿಸಿದ. ಆಮೇಲೆ ಒಬ್ಬ ವಿಧವೆ ಪೂರ್ವಕ್ಕೆ ಮಾಸಲು ಬಿಳಿ ಇಟ್ಟಿಗೆಯ ದೊಡ್ಡದೊಂದು ಭಾಗ ಸೇರಿಸಿದಳು. ಅದು ತನ್ನ ಭಾರಕ್ಕೆ ಕುಸಿಯುತ್ತ ಹಳೆಯ ಗೋಡೆಯನ್ನೂ ತನ್ನತ್ತ ಎಳೆದು ಮೂಲೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡಿಸಿತು. ಯುದ್ಧದ ಕಾಲದಲ್ಲಿ ತಂಗಿದ್ದ ಸೈನಿಕರು ಮೆಟ್ಟಿಲಿನ ಮರದ ಕಟಕಟೆಯನ್ನು ಒಲೆಗೆ ಹಾಕಿದರು.

ಎಡ್ಗರ್ ಇದನ್ನು ಓದಿ ತಿಳಿದವರಲ್ಲ. ಒಬ್ಬನ ಕೈಯ ಗೋಡೆಯಲ್ಲಿ ಇಟ್ಟಿಗೆಗಳ ನಡುವಿನ ಸಂದು ಒಂದರ ಮೇಲೊಂದು ಬರುವುದಿಲ್ಲ, ವರಸೆಗೊಮ್ಮೆ ಪಕ್ಕಕ್ಕೆ ಸರಿಯುತ್ತದೆ. ಎಲ್ಲಿ ಸಂದು ಮೇಲಿಂದ ಕೆಳಗೆ ನೆಟ್ಟಗೆ ಇಳಿದಿದೆಯೋ ಅಲ್ಲಿ ಒಬ್ಬ ಮುಗಿಸಿದ್ದಾನೆ, ಇನ್ನೊಬ್ಬ ಶುರು ಮಾಡಿದ್ದಾನೆ. ಅದು ಅವರ ಅಂಗೈಗೆ ಗೊತ್ತಿತ್ತು. ಅಂಥ ಕಡೆಗಳಲ್ಲಿ ನಡಿಗೆ ಒಂದು ಕ್ಷಣ ನಿಧಾನವಾಗುತ್ತಿತ್ತು.

ತೆಂಕಣ ಗೋಡೆಯ ಹತ್ತಿರ ಮಾತ್ರ ಅವರು ನಿಂತೇ ಬಿಡುತ್ತಿದ್ದರು. ಅದು ಮನೆಯ ಎಲ್ಲಕ್ಕಿಂತ ಹಳೆಯ ಭಾಗ. 1957ರ ಬೇಸಿಗೆಯಲ್ಲಿ ಅದರ ಸವೆದ ಸಂದುಗಳನ್ನೆಲ್ಲ ಕೆರೆದು ಹೊಸದಾಗಿ ತುಂಬಿದ್ದು ಎಡ್ಗರ್ ಒಬ್ಬರೇ, ಸಿಮೆಂಟಿನಲ್ಲಿ. ಆಗ ಇಪ್ಪತ್ತೇಳು ವಯಸ್ಸು. ಐದು ವರ್ಷ ಪೇಟೆಯ ಅಂಚಿನಲ್ಲಿ ಸಾಲುಮನೆಗಳನ್ನು ಕಟ್ಟಿ ಆಗಷ್ಟೇ ಊರಿಗೆ ಮರಳಿದ್ದರು. ಸುಣ್ಣದ ಗಾರೆ ಅಜ್ಜಂದಿರ ಕೆಲಸ, ವಾರಗಟ್ಟಲೆ ಒದ್ದೆ ಗೋಣಿ ಹೊದಿಸಿ ಕಾಯುವುದು ಯಾರಿಗೆ ಬೇಕು ಎಂದು ಆ ಕಾಲದ ಎಲ್ಲ ಹುಡುಗರಂತೆ ಅವರೂ ನಂಬಿದ್ದರು. ಅವರ ಮೇಸ್ತ್ರಿ ರೂಬೆನ್ ಥರ್ಲೋ ಹಾಗೆ ನಂಬಿದವರಲ್ಲ. ಆದರೆ ಜೂನ್‌ನಲ್ಲಿ ರೂಬೆನ್ ಎದೆಯಲ್ಲಿ ನೀರು ತುಂಬಿಕೊಂಡು ಆರು ವಾರ ಆಸ್ಪತ್ರೆಯಲ್ಲಿ ಮಲಗಿದರು. ಹೋಗುವ ಮುಂಚೆ ಹತ್ತಿ ನಿಂತು ಕೆಲಸ ಮಾಡಲು ಸಾರವೆ ಕಟ್ಟಿಸಿ, ಸುಣ್ಣ ನೆನೆಹಾಕಿಸಿ ಹೋಗಿದ್ದರು. ಎಡ್ಗರ್ ಆ ಸುಣ್ಣದ ಗುಂಡಿಗೆ ಹಲಗೆ ಮುಚ್ಚಿ ಸಿಮೆಂಟು ತರಿಸಿದರು. ಮೇಸ್ತ್ರಿ ಬರುವಷ್ಟರಲ್ಲಿ ಮುಗಿಸಿ ತೋರಿಸಬೇಕು ಎಂಬುದೊಂದೇ ಹಟ.

ರೂಬೆನ್ ಬಂದದ್ದು ಆಗಸ್ಟಿನಲ್ಲಿ. ಆ ಬಿಸಿಲಲ್ಲೂ ಕೋಟು ಹಾಕಿದ್ದರು, ಕೋಟಿನೊಳಗೆ ಅರ್ಧ ಆಳೂ ಉಳಿದಿರಲಿಲ್ಲ. ಗೋಡೆಯ ಈ ತುದಿಯಿಂದ ಆ ತುದಿಯವರೆಗೆ ಹೆಬ್ಬೆರಳನ್ನು ಒಂದೇ ಸಂದಿನಲ್ಲಿ ಎಳೆದುಕೊಂಡು ನಡೆದರು. ಕೊನೆಗೆ, "ಸರಿ. ಇದಿನ್ನು ಎಲ್ಲಿಗೂ ಹೋಗಲ್ಲ ಬಿಡು, ಹುಡುಗಾ" ಎಂದರು.

ನಮ್ಮ ಕಡೆ ಇದಕ್ಕಿಂತ ದೊಡ್ಡ ಹೊಗಳಿಕೆ ಕೇಳಿದವರಿಲ್ಲ. ಬಾಗಿಲು ಕೂರಿಸಿದವನಿಗೆ, ಗೂಟ ಹೊಡೆದವನಿಗೆ, ಹೆಣಕ್ಕೆ ಪೆಟ್ಟಿಗೆ ಮಾಡಿದವನಿಗೆ ಕೂಡ ಅಷ್ಟೇ ಹೇಳುವುದು. ಎಡ್ಗರ್ ಆ ಮಾತನ್ನು ನಲವತ್ತು ವರ್ಷ ಜೇಬಿನಲ್ಲಿಟ್ಟುಕೊಂಡು ತಿರುಗಿದರು. ಅದಾದ ಮೇಲೆ ರೂಬೆನ್ ತೀರಿಕೊಳ್ಳುವವರೆಗೂ, ಇಪ್ಪತ್ತೆರಡು ವರ್ಷ, ಪ್ರತಿ ಕೆಲಸದಲ್ಲೂ ಗಾರೆಯನ್ನು ತಾವೇ ಬೆಳಿಗ್ಗೆ ಬಂದು ಕಲಸಿಕೊಟ್ಟರು. ಮುದುಕರ ಕಾಟ ಎಂದು ಎಡ್ಗರ್ ನಗುತ್ತಿದ್ದರು.

ಆ ವರ್ಷ, ಅಂದರೆ 1997ರಲ್ಲಿ, ಜನವರಿಯಿಡೀ ನೆಲ ಕಲ್ಲಾಗಿತ್ತು. ಫೆಬ್ರವರಿಯಲ್ಲಿ ಹಿಮ ಕರಗಿದಾಗ ತೆಂಕಣ ಗೋಡೆಯ ಬುಡದಲ್ಲಿ ಯಾರೋ ಕುಂಕುಮ ಚೆಲ್ಲಿದ ಹಾಗೆ ಕೆಂಪು ಪುಡಿ ಬಿದ್ದಿತ್ತು. ಒಂದೊಂದೇ ಇಟ್ಟಿಗೆಯ ಮುಖ ಬಿಸ್ಕತ್ತಿನಂತೆ ಕಳಚಿ ಬೀಳುತ್ತಿತ್ತು. ಇಟ್ಟಿಗೆಗಳು ಒಳಕ್ಕೆ ಸವೆದು, ಸುತ್ತಲಿನ ಸಿಮೆಂಟಿನ ಸಂದುಗಳು ಮಾತ್ರ ಬೂದು ಬಣ್ಣದ ಚೌಕಟ್ಟುಗಳಾಗಿ ಮುಂದಕ್ಕೆ ನಿಂತಿದ್ದವು. ಜೇನುಗೂಡಿನ ಹಾಗೆ. ಹಿಂದೆಯೂ ಅಲ್ಲೊಂದು ಇಲ್ಲೊಂದು ಉದುರಿತ್ತು. ಎಡ್ಗರ್ ಅದನ್ನು ಹಳೆಯ ಇಟ್ಟಿಗೆಯ ತಲೆಗೆ ಕಟ್ಟಿದ್ದರು. ಈ ಸಲ ಹಾಗೆ ಹೇಳಿಕೊಳ್ಳುವುದು ಕಷ್ಟವಾಯಿತು.

ಏಪ್ರಿಲ್‌ನಲ್ಲಿ, ಮನೆಯನ್ನು ನೋಡಿಕೊಳ್ಳುವ ಸಂಘದವರು ಟ್ಯಾಮ್ಸಿನ್ ಎಂಬವಳನ್ನು ಕರೆಸಿದರು. ಹಳೆಯ ಗೋಡೆಗಳ ರಿಪೇರಿಯನ್ನೇ ಕಲಿತವಳು. ಮೂವತ್ತರ ಹತ್ತಿರ, ತಲೆಗೆ ವಸ್ತ್ರ, ಸುಣ್ಣಕ್ಕೆ ಬಿರಿದ ಕೈಗಳು. ನಾನು ಆಗ ಶನಿವಾರ ಭಾನುವಾರ ಆ ಮನೆಯ ಕುದುರೆಲಾಯದಲ್ಲಿದ್ದ ಟೀ ಅಂಗಡಿಯಲ್ಲಿ ತಟ್ಟೆ ತೊಳೆಯುತ್ತಿದ್ದೆ. ಆದ್ದರಿಂದ ಇದರಲ್ಲಿ ಅರ್ಧ ನಾನು ಕಂಡದ್ದು. ಇನ್ನರ್ಧ, ಮೇವಿಸ್ ಮತ್ತು ರೂಬೆನ್‌ರ ಹೆಂಡತಿ ಐವಿ ಬೇರೆ ಬೇರೆ ದಿನ ಹೇಳಿದ್ದು.

ಒಂದು ಶನಿವಾರ ಸಂಜೆ ಊರಿನವರಿಗಾಗಿ ಟ್ಯಾಮ್ಸಿನ್ ಅದೇ ಲಾಯದಲ್ಲಿ ಚಿತ್ರಗಳನ್ನು ತೋರಿಸಿ ಮಾತಾಡಿದಳು. ಉಣ್ಣೆ ವ್ಯಾಪಾರಿಯ ಗೋಡೆ, ಹೊಸ ಮುಖ, ವಿಧವೆಯ ಬಿಳಿ ಭಾಗ, ಒಂದೊಂದಕ್ಕೂ ಒಂದೊಂದು ಕಥೆ. ಎಲ್ಲದಕ್ಕೂ 'ಇತಿಹಾಸ' ಎಂದಳು. ಕೊನೆಯ ಚಿತ್ರ ತೆಂಕಣ ಗೋಡೆ. ಅದಕ್ಕೆ 'ಹಾನಿ' ಎಂದಳು. ಹಳೆಯ ಇಟ್ಟಿಗೆ ಮೆದು, ಅದು ಕುಡಿದ ನೀರು ಸುಣ್ಣದ ಸಂದಿನಿಂದ ಆರಿ ಹೋಗುತ್ತಿತ್ತು, ಸಿಮೆಂಟು ಆ ದಾರಿಯನ್ನು ಮುಚ್ಚಿತು, ನೀರು ಇಟ್ಟಿಗೆಯೊಳಗೇ ಕೂತು ಹೆಪ್ಪುಗಟ್ಟಿ ಮುಖವನ್ನು ಒದ್ದು ತೆಗೆಯುತ್ತಿದೆ ಎಂದು ವಿವರಿಸಿದಳು. ಜೂನ್ ಮೊದಲ ಭಾನುವಾರ ಮನೆ ಜನರಿಗೆ ತೆರೆಯುವಾಗ ಗೋಡೆಯ ಮುಂದೆ ಇದನ್ನೆಲ್ಲ ಬರೆದ ದೊಡ್ಡ ಬೋರ್ಡು ನಿಲ್ಲಿಸುವುದಾಗಿಯೂ, ಇಸವಿ, ಹೆಸರು ಸಮೇತ ಮೇ ಕೊನೆಯ ವಾರ ಬೋರ್ಡು ಬರೆಯುವವನಿಗೆ ಕೊಡುವುದಾಗಿಯೂ ಹೇಳಿದಳು.

ಹಿಂದಿನಿಂದ ಯಾರೋ ಸಿಮೆಂಟು ಹಾಕಿದ್ದು ಯಾರು ಎಂದು ಕೇಳಿದರು. ಅವಳು ಕಡತ ತಿರುವಿದಳು. ಹೊರಗಿನವಳು, ಅವಳಿಗೇನು ಗೊತ್ತು.

"ಆರ್. ಥರ್ಲೋ ಅಂತಿದೆ. ಸಿಮೆಂಟಿನ ಚೀಲ ಕಂಡ್ರೆ ಕೈ ತುರಿಸ್ತಿತ್ತು ಅಂತ ಕಾಣುತ್ತೆ ಪುಣ್ಯಾತ್ಮನಿಗೆ" ಎಂದಳು.

ಸಂಘದ ಇಬ್ಬರು ನಕ್ಕರು. ಊರಿನವರು ತಮ್ಮ ತಮ್ಮ ಲೋಟದೊಳಗೆ ನೋಡಿದರು. ಎರಡನೆಯ ಸಾಲಿನಲ್ಲಿ ಐವಿ ಥರ್ಲೋ ಕೂತಿದ್ದರು. ಎಂಬತ್ತಮೂರು ವಯಸ್ಸು, ಮಡಿಲಲ್ಲಿ ಕೈಚೀಲ, ಚೀಲದ ಹಿಡಿಯ ಮೇಲೆ ಎರಡೂ ಕೈ. ಆಕೆ ಕುತ್ತಿಗೆ ಕೂಡ ಹೊರಳಿಸಲಿಲ್ಲ. ಎರಡು ಸಾಲು ಹಿಂದೆ ಎಡ್ಗರ್ ಎದ್ದು ನಿಂತರು. ನಿಂತೇ ಇದ್ದರು. ಏನಾದರೂ ಕೇಳಬೇಕಿತ್ತೇ ಎಂದು ಟ್ಯಾಮ್ಸಿನ್ ವಿಚಾರಿಸಿದಳು.

"ಇಲ್ಲ, ಕಾಲು ಜೋಮು ಹಿಡೀತು" ಎಂದು ಎಡ್ಗರ್ ಕೂತರು.

ಯಾರೋ ಲಾಟರಿ ಚೀಟಿ ಯಾವಾಗ ಎತ್ತುತ್ತೀರಿ ಎಂದು ಕೇಳಿ ಎಲ್ಲರನ್ನೂ ಉಳಿಸಿದರು. ಆ ಸಂಜೆ ನಾನು ತೊಳೆದ ತಟ್ಟೆಗಳಲ್ಲಿ ಎಡ್ಗರ್ ಸಾಲಿನದೊಂದರಲ್ಲಿ ಕೇಕನ್ನು ತಿನ್ನದೆ, ಬೆರಳಿನಿಂದ ಪುಡಿ ಪುಡಿ ಮಾಡಿಟ್ಟಿತ್ತು.

ಅಂದಿನಿಂದ ಎಡ್ಗರ್ ದಿನಕ್ಕೆ ಒಂದು ಸಲವಲ್ಲ, ಮೂರು ಸಲ ಗೋಡೆಯ ಹತ್ತಿರ ಹೋಗತೊಡಗಿದರು. ಹೋಗುವಾಗ ಹೇಳಿಬಿಡುವ ಬಿರುಸು. ಗೇಟಿನ ಹತ್ತಿರ ಬರುವಷ್ಟರಲ್ಲಿ ಬಿರುಸು ಅರ್ಧವಾಗುತ್ತಿತ್ತು. ಟ್ಯಾಮ್ಸಿನ್ ಅವರನ್ನು ಕಂಡರೆ ಖುಷಿಯಾಗುತ್ತಿದ್ದಳು. ಅವಳಿಗೆ ಬೇಕಾದದ್ದೆಲ್ಲ ಅವರ ಬಳಿ ಇತ್ತು. ಹಳೆಯ ಸುಣ್ಣದ ಗುಂಡಿ ಎಲ್ಲಿತ್ತು, ಮರಳು ಯಾವ ಹೊಳೆಯಂಚಿನದು, ಮೇಲಿನ ಎಂಟು ವರಸೆ ಯಾಕೆ ಬೇರೆ ಇಟ್ಟಿಗೆ. ಅವರು ತೋರಿಸಿದಲ್ಲಿ ಅಗೆದಾಗ ಕೊಳೆತ ಹಲಗೆಯ ಕೆಳಗೆ ಸುಣ್ಣ ಬೆಣ್ಣೆಯ ಹಾಗೆ ಮೆತ್ತಗೆ ಇನ್ನೂ ಇತ್ತು. ನಲವತ್ತು ವರ್ಷದ ಸುಣ್ಣ, ಬಂಗಾರವೇ ಸರಿ ಎಂದು ಅವಳು ಕುಣಿದಳು. ಆ ಹಲಗೆ ಮುಚ್ಚಿದ ಕೈಗಳನ್ನು ಎಡ್ಗರ್ ಕೋಟಿನ ಜೇಬಿಗೆ ಹಾಕಿಕೊಂಡರು. ಆವತ್ತು ನಿಮ್ಮಂಥವರೊಬ್ಬರು ಇಲ್ಲಿ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅವಳು ಹೇಳಿದಳಂತೆ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆ ಮಧ್ಯಾಹ್ನ ಎಡ್ಗರ್ ಊಟಕ್ಕೂ ಬಾರದೆ ಹೊಲದಂಚಿನಲ್ಲಿ ನಡೆದೇ ನಡೆದರು. ಎರಡು ಊರು ದಾಟಿ, ಬಸ್ಸಿನಲ್ಲಿ ಮರಳಿದರು.

ಮೂರನೆಯ ವಾರ ಅವಳು ಒಂದು ಮೊಳ ಗೋಡೆಯಲ್ಲಿ ಸಂದು ಕೆರೆದು ನೋಡಲು ಕೂತಳು. ತೆಳ್ಳನೆಯ ಚಾಣ ಇಟ್ಟು ಸುತ್ತಿಗೆಯಿಂದ ಹಗುರಾಗಿ ತಟ್ಟಿದಳು. ಏನೂ ಆಗಲಿಲ್ಲ. ಸ್ವಲ್ಪ ಜೋರಾಗಿ ತಟ್ಟಿದಳು. ಸಿಮೆಂಟು ಕದಲಲಿಲ್ಲ, ಪಕ್ಕದ ಇಟ್ಟಿಗೆಯ ಮೂಲೆಯೇ ಮುರಿದು ಅವಳ ಮಡಿಲಿಗೆ ಬಿತ್ತು. ನಾಲ್ಕೂವರೆ ಶತಮಾನ ಕೆಡದೆ ಇದ್ದ ಮೂಲೆ. ಅವಳು ಹಿಂದಕ್ಕೆ ಸರಿದು ಬೆವರೊರೆಸಿಕೊಂಡಳು.

"ಎಲ್ಲಿಗೂ ಹೋಗಲ್ಲ ಅಂತ ಕೂತಿದೆ ನೋಡಿ ಇದು" ಎಂದಳು.

ಅದೇ ಮಾತು. ಎಡ್ಗರ್ ಅದನ್ನು ನಲವತ್ತು ವರ್ಷ ಬೇರೆ ದನಿಯಲ್ಲಿ ಕೇಳಿಸಿಕೊಂಡಿದ್ದರು. ಈಗ ಅವರಿಗೆ ರೂಬೆನ್‌ರ ದನಿ ಕೇಳಿಸಿತು, ರೂಬೆನ್ ಹೇಳಿದ್ದ ಹಾಗೇ, ಅದರಲ್ಲಿ ಹೊಗಳಿಕೆ ಇರಲಿಲ್ಲ. ಬೆಳಬೆಳಿಗ್ಗೆ ಬಂದು ಗಾರೆ ಕಲಸುತ್ತಿದ್ದ ಬಗ್ಗಿದ ಬೆನ್ನೂ ಕಂಡಿತು. ಅದು ಮುದುಕರ ಕಾಟವಾಗಿರಲಿಲ್ಲ. ಆ ಹುಡುಗನ ಕೈಗೆ ಮತ್ತೆ ಸಿಮೆಂಟು ಸಿಗದ ಹಾಗೆ ಒಬ್ಬ ಮನುಷ್ಯ ಇಪ್ಪತ್ತೆರಡು ವರ್ಷ ಕಾವಲು ಕಾದಿದ್ದ.

ಅವರು ಮನೆಗೆ ಬಂದು ಟೋಪಿ ತೆಗೆಯದೆ ಅಡುಗೆಮನೆಯಲ್ಲಿ ಅತ್ತಿತ್ತ ಓಡಾಡುತ್ತ ಮೇವಿಸ್‌ಗೆ ಎಲ್ಲ ಹೇಳಿದರು. ಮೇವಿಸ್ ಆಲೂಗಡ್ಡೆ ಹೆರೆಯುವುದನ್ನು ನಿಲ್ಲಿಸಲಿಲ್ಲ.

"ರೂಬೆನ್ ಥರ್ಲೋ ತನ್ನ ಮದುವೆ ದಿನ ಐವಿಗೇ ಚೆನ್ನಾಗಿ ಕಾಣ್ತೀಯ ಅಂದೋನಲ್ಲ. ನಿನ್ನ ಗೋಡೆಗೆ ಅಂದಾನಾ?"

"ನಲವತ್ತು ವರ್ಷದಲ್ಲಿ ಒಂದು ದಿನ ಹೇಳ್ಬಾರ್ದಿತ್ತಾ ನೀನು?"

"ನೀನು ಅಷ್ಟು ಖುಷಿಯಾಗಿದ್ದೆ ಮಾರಾಯ. ಯಾರಿಗೆ ಮನಸ್ಸು ಬರುತ್ತೆ."

ಆಗ ಎಡ್ಗರ್ ಸಿಟ್ಟಾದರು. ಕಿಟಕಿ ಹಾಳು ಮಾಡಿದವನ ಕೆಲಸ ಇತಿಹಾಸ, ಗೋಡೆ ಬಿರಿಯುವ ಹಾಗೆ ಕಟ್ಟಿಸಿದ ಹೆಂಗಸಿನದೂ ಇತಿಹಾಸ, ತಾನು ಮಾಡಿದ್ದು ಮಾತ್ರ ಹಾನಿಯೇ ಎಂದು ಕೇಳಿದರು. ಪೆನ್ನಿಕ್ ಮನೆಯಲ್ಲಿ ತಪ್ಪು ಮಾಡದ ಕೈ ಯಾವುದಿದೆ, ಇನ್ನೂರು ವರ್ಷ ಬಿಟ್ಟು ಬರುವವಳೊಬ್ಬಳು ಸಿಮೆಂಟಿನ ಸಂದನ್ನೂ ಗಾಜಿನ ಪೆಟ್ಟಿಗೆಯಲ್ಲಿಟ್ಟು ತೋರಿಸುವುದಿಲ್ಲವೆಂದು ಏನು ಖಾತರಿ ಎಂದರು. ಮಾತು ಪೂರ್ತಿ ಸುಳ್ಳೇನಲ್ಲ. ಮೇವಿಸ್ ಕೇಳಿಸಿಕೊಂಡರು.

"ಅವರೆಲ್ಲ ಸತ್ತಿದ್ದಾರೆ. ನಿನಗಿನ್ನೂ ಆ ಅನುಕೂಲ ಇಲ್ಲ" ಎಂದರು. ಆಮೇಲೆ, ಚಾಕು ಕೆಳಗಿಟ್ಟು, ಐವಿ ಮಾತ್ರ ಬದುಕಿದ್ದಾಳೆ ಎಂದರು.

ಐವಿ ಥರ್ಲೋ ಇದ್ದದ್ದು ಅಂಚೆ ಕಚೇರಿಯ ಹಿಂದಿನ ಸಾಲುಮನೆಯಲ್ಲಿ. ಎಡ್ಗರ್ ಆ ಬಾಗಿಲ ಮುಂದೆ ಎರಡು ಸಲ ಹಾದುಹೋಗಿ ಮೂರನೆಯ ಸಲ ತಟ್ಟಿದರು. ಐವಿ ಬಾಗಿಲು ತೆಗೆದು, ಅವರನ್ನು ಟೋಪಿಯಿಂದ ಬೂಟಿನವರೆಗೆ ನೋಡಿದರು.

"ಮೂರು ವಾರ ಆಯ್ತು, ಹುಡುಗಾ. ಕಾಲಿನ ಜೋಮು ಬಿಡ್ತಾ?"

ಒಳಗೆ ಕೆಟಲ್ ಇಟ್ಟರು. ಜೀರಿಗೆಯ ಕೇಕು ಕತ್ತರಿಸಿದರು. ಎಡ್ಗರ್ ಕೂರಲಿಲ್ಲ. ಮಿಸೆಸ್ ಥರ್ಲೋ, ಎಂದು ಶುರು ಮಾಡಿ, ಮಾತು ಮುಂದುವರಿಯದೆ ಮತ್ತೆ ಮಿಸೆಸ್ ಥರ್ಲೋ ಎಂದರು. ಆಕೆ ಅವರಿಗೆ ಹದಿನೈದನೇ ವಯಸ್ಸಿನಿಂದ ಮಿಸೆಸ್ ಥರ್ಲೋ, ಅದು ಬದಲಾಗಿರಲಿಲ್ಲ. ಕೊನೆಗೆ ಹೇಳಿದರು. ಸುಣ್ಣದ ಗುಂಡಿ ಮುಚ್ಚಿದ್ದು, ಸಿಮೆಂಟು ತರಿಸಿದ್ದು, ಆ ಸಂಜೆ ಲಾಯದಲ್ಲಿ ಕೂತುಬಿಟ್ಟದ್ದು.

ಐವಿ ಅದನ್ನೆಲ್ಲ ಸುದ್ದಿಯ ಹಾಗೆ ಕೇಳಲಿಲ್ಲ. ರೂಬೆನ್ ಆ ಆಗಸ್ಟಿನ ಶನಿವಾರ ಮನೆಗೆ ಬಂದು ಬೂಟು ಬಿಚ್ಚದೆ ಕೂತರಂತೆ. ಹುಡುಗ ಪೂರ್ತಿ ಸಿಮೆಂಟು ಹಾಕಿದ್ದಾನೆ ಎಂದರಂತೆ. ಕೊನೆಯಲ್ಲಿ ತುಂಬಿದ ಭಾಗ ಇನ್ನೂ ಹಸಿ, ಈಗಲೇ ಕೆರೆದರೆ ಅಷ್ಟಾದರೂ ಬರುತ್ತದೆ ಎಂದು ಭಾನುವಾರ ಬೆಳಿಗ್ಗೆ, ಉಸಿರು ಹಿಡಿಯಲಾರದ ಆ ಮನುಷ್ಯ, ಚಾಣ ಸುತ್ತಿಗೆ ಚೀಲಕ್ಕೆ ಹಾಕಿಕೊಂಡು ಹೊರಟರು. ಬೇಡವೆಂದರೂ ಕೇಳಲಿಲ್ಲ. ಅರ್ಧ ಗಂಟೆಯಲ್ಲಿ ಮರಳಿದರು. ಚೀಲ ಬಿಚ್ಚಿರಲಿಲ್ಲ.

"ಯಾಕೆ ಅಂತ ಕೇಳ್ದೆ. 'ಹುಡುಗ ಅಲ್ಲಿದ್ದಾನೆ. ಒಬ್ಬ ಹುಡುಗೀನ ಕರ್ಕೊಂಬಂದು ಗೋಡೆ ತೋರಿಸ್ತಾ ಇದ್ದಾನೆ' ಅಂದ್ರು. ಅಷ್ಟೇ. ಆಮೇಲೆ ಆ ವಿಷಯ ಮಾತಾಡಿಲ್ಲ."

ಆ ಭಾನುವಾರ ಎಡ್ಗರ್‌ಗೆ ಚೆನ್ನಾಗಿ ನೆನಪಿತ್ತು. ಆ ಹುಡುಗಿ ಮೇವಿಸ್. ಗೋಡೆ ತೋರಿಸಿ, ಮೇಸ್ತ್ರಿ ಅಂದದ್ದನ್ನು ಹೇಳಿ, ಅದೇ ಧೈರ್ಯದಲ್ಲಿ ಮದುವೆಯಾಗುತ್ತೀಯಾ ಎಂದು ಅಲ್ಲೇ ಕೇಳಿದ್ದರು.

ಅವರು ಕಿಟಕಿಯ ಹತ್ತಿರ ಹೋದರು, ಬಾಗಿಲ ಹತ್ತಿರ ಬಂದರು, ಮತ್ತೆ ಕಿಟಕಿಗೆ ಹೋದರು. ತಪ್ಪಾಯಿತು ಎಂದರು. ಐವಿ ಕೇಕಿನ ತಟ್ಟೆಯನ್ನು ಅವರತ್ತ ತಳ್ಳಿದರು.

"ನನ್ನ ಹತ್ರ ಹೇಳಿ ಏನು ಬಂತು? ನಂಗೆ ಗೊತ್ತಿರೋದೇ. ಗೊತ್ತಿಲ್ಲದವರಿಗೆ ಹೇಳು. ರೂಬೆನ್ ಒಂದು ಚಮಚ ಸಿಮೆಂಟನ್ನ ಆ ಗೋಡೆಗೆ ತಾಗಿಸ್ದೋರಲ್ಲ. ನೀನು ಅದನ್ನ ಹೇಳೋವರೆಗೂ ನಾನು ಆ ಗೇಟು ದಾಟಲ್ಲ."

ದನಿ ಏರಲಿಲ್ಲ. ಅದರಲ್ಲಿ ಕ್ಷಮೆಯೂ ಇರಲಿಲ್ಲ. ಹೊರಡುವಾಗ ಕೇಕಿನ ತುಂಡನ್ನು ಕಾಗದದಲ್ಲಿ ಸುತ್ತಿ ಕೊಟ್ಟರು, ಮೇವಿಸ್‌ಗೆ ಎಂದು.

ಮೇ ಮುಗಿಯಲು ಇನ್ನು ಎರಡು ವಾರವಿತ್ತು. ಬೋರ್ಡಿನ ಮಾತುಗಳನ್ನು ಟ್ಯಾಮ್ಸಿನ್ ಬರೆದು ಮುಗಿಸಿದ್ದಳು. ಮಾರನೆಯ ಶನಿವಾರ ಹನ್ನೊಂದರ ಟೀ ಹೊತ್ತಿನಲ್ಲಿ, ನಾನು ತಟ್ಟೆಯಲ್ಲಿ ನಾಲ್ಕು ಲೋಟ ಇಟ್ಟುಕೊಂಡು ಸಾರವೆಯ ಹತ್ತಿರ ಬಂದಾಗ ಎಡ್ಗರ್ ಏಣಿ ಹತ್ತುತ್ತಿದ್ದರು. ಮೇಲೆ ಹಲಗೆಯ ಮೇಲೆ ಟ್ಯಾಮ್ಸಿನ್ ಮತ್ತು ಇಬ್ಬರು ಆಳುಗಳು ಕಾಲು ಇಳಿಬಿಟ್ಟು ಕೂತಿದ್ದರು. ಎಡ್ಗರ್ ಟೋಪಿ ತೆಗೆದರು.

"ಈ ಗೋಡೆ ಥರ್ಲೋ ಅವರದಲ್ಲ, ಹುಡುಗಿ. ನಂದು. ಬಿಲ್ಲಿನಲ್ಲಿ ಅವರ ಹೆಸರಿದೆ, ಯಾಕಂದ್ರೆ ಮೇಸ್ತ್ರಿ ಅವರು. ಅವರು ಆಸ್ಪತ್ರೇಲಿದ್ರು. ಸುಣ್ಣ ನೆನೆಹಾಕಿಸಿ ಹೋಗಿದ್ರು. ನಾನೇ ಅದನ್ನ ಮುಚ್ಚಿ ಸಿಮೆಂಟು ಹಾಕಿದ್ದು."

ಆಳುಗಳಲ್ಲಿ ಒಬ್ಬ ನಮ್ಮೂರಿನವನೇ. ಅವನು ಗೋಡೆಯತ್ತ ತಿರುಗಿ ಇಟ್ಟಿಗೆಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ. ಟ್ಯಾಮ್ಸಿನ್ ಮುಖ ಮೊದಲು ಕೆಂಪಾಗಿ ಆಮೇಲೆ ಬಿಳಿಯಾಯಿತು. ಗುಂಡಿ ತೋರಿಸಿದವರು ಇವರೇ, ಮರಳು ತೋರಿಸಿದವರೂ ಇವರೇ. ಮೂರು ವಾರದಲ್ಲಿ ಅವರ ಮುಂದೆಯೇ ತಾನು ಏನೇನು ಅಂದಿದ್ದೆ ಎಂದು ಅವಳು ಲೆಕ್ಕ ಹಾಕುತ್ತಿದ್ದುದು ಕಾಣುತ್ತಿತ್ತು. ಕೊನೆಗೆ, ಯಾರ ಹೆಸರೂ ಬೇಡ, '1957ರ ದುರಸ್ತಿ' ಎಂದಷ್ಟೇ ಹಾಕಿಬಿಡುತ್ತೇನೆ ಎಂದಳು. ಎಲ್ಲರಿಗೂ ಅದೇ ವಾಸಿ ಅಲ್ಲವೇ ಎಂದಳು.

ಎಡ್ಗರ್ ಹಲಗೆಯ ಆ ತುದಿಯವರೆಗೆ ನಡೆದರು. ಹಲಗೆ ಅವರ ಕೆಳಗೆ ಕುಲುಕುತ್ತಿತ್ತು. ಅವಳು ಕೊಟ್ಟದ್ದು ಸಣ್ಣದಲ್ಲ. ಅಷ್ಟಕ್ಕೆ ಒಪ್ಪಿಬಿಟ್ಟರೆ ಸಂಜೆ ಪಬ್ಬಿನಲ್ಲಿ ಮೂಲೆಯ ಮೇಜು ಅವರದಾಗಿಯೇ ಇರುತ್ತಿತ್ತು. ಊರಿನ ಅರ್ಧ ಚಿಮಣಿಗಳನ್ನು ಕಟ್ಟಿದ ಕೈ ಎಂಬ ಹೆಸರಿಗೂ ಏನೂ ಆಗುತ್ತಿರಲಿಲ್ಲ. ಅವರು ತಿರುಗಿ ಬಂದರು.

"ಹೆಸರು ಹಾಕದಿದ್ರೆ ಊರು ಥರ್ಲೋ ಅಂತಲೇ ಓದ್ಕೊಳ್ಳುತ್ತೆ. ಅವತ್ತು ನೀನಂದಿದ್ದು ಎಲ್ಲರಿಗೂ ಕೇಳ್ಸಿದೆ. ಇ. ಪ್ಯಾಲಂಟ್ ಅಂತ ಬರಿ. ಸ್ಪೆಲ್ಲಿಂಗಿನಲ್ಲಿ ಎರಡು ಎಲ್ಲು. ಮೇಸ್ತ್ರಿ ಹೇಳಿದ್ದು ಸುಣ್ಣ ಅಂತಲೂ ಬರಿ."

ಅವಳು ಜೇಬಿನಿಂದ ಪೆನ್ಸಿಲ್ ತೆಗೆದು ಹಾಗೇ ಬರೆದಳು. ಬರೆದು, ತಲೆಯೆತ್ತದೆ, ಮಿಸೆಸ್ ಥರ್ಲೋ ಮನೆ ಯಾವ ಕಡೆ ಎಂದು ಕೇಳಿದಳು. ಆ ಮಧ್ಯಾಹ್ನವೇ ಹೋಗಿ ಬಂದಳಂತೆ. ಅಲ್ಲಿ ಏನು ಮಾತಾಯಿತೋ, ಇಬ್ಬರೂ ಹೇಳಿಲ್ಲ.

ಊರು ಯಾವತ್ತಿನ ಹಾಗೆ ಏನೂ ಹೇಳಲಿಲ್ಲ. ಹೇಳದಿರುವುದರಲ್ಲೂ ವ್ಯತ್ಯಾಸವಿರುತ್ತದೆ. ಪಬ್ಬಿನಲ್ಲಿ ಎಡ್ಗರ್ ಬಂದಾಗ ಮಾತು ಒಂದು ಗುಟುಕಿನಷ್ಟು ನಿಂತು ಮುಂದುವರಿಯುತ್ತಿತ್ತು. ಚಿಮಣಿ ತೋರಿಸಿ ಸಲಹೆ ಕೇಳುತ್ತಿದ್ದ ಒಬ್ಬಿಬ್ಬರು ಕೇಳುವುದು ಬಿಟ್ಟರು. ಒಬ್ಬನಂತೂ ತನ್ನ ಹಿತ್ತಿಲ ಗೋಡೆಗೆ ಏನು ತುಂಬಿದ್ದೀಯ ಎಂದು ನಗುತ್ತ ವಿಚಾರಿಸಿದ, ನಗು ಪೂರ್ತಿ ನಗುವಾಗಿರಲಿಲ್ಲ. ಎಡ್ಗರ್ ಮಾರನೆಯ ದಿನವೇ ಹೋಗಿ ಆ ಗೋಡೆಯನ್ನು ಒಂದು ಗಂಟೆ ತಟ್ಟಿ ನೋಡಿ ಬಂದರು.

ಅವರು ಟ್ಯಾಮ್ಸಿನ್‌ಳನ್ನು ಒಂದೇ ಒಂದು ಕೇಳಿದರು, ಕೆರೆಯುವ ಕೆಲಸ ತಮಗೆ ಕೊಡಬೇಕೆಂದು. ಎಲ್ಲವನ್ನೂ ಕೆರೆಯುವಂತಿರಲಿಲ್ಲ. ಗಟ್ಟಿಯಾಗಿ ಕಚ್ಚಿಕೊಂಡಿರುವ ಕಡೆ ಕೈ ಹಾಕಿದರೆ ಇಟ್ಟಿಗೆಯೇ ಹೋಗುತ್ತದೆ, ತಾನಾಗಿ ಸಡಿಲವಾದದ್ದನ್ನು ಮಾತ್ರ ತೆಗೆಯಬೇಕು, ಉಳಿದದ್ದು ಇನ್ನೂ ಎಷ್ಟೋ ಚಳಿಗಾಲ ಕಾಯಬೇಕು. ಕಾಯುವುದು ಎಡ್ಗರ್‌ಗೆ ಹೊಸದು. ದಿನಕ್ಕೆ ಒಂದೂವರೆ ಗೇಣು ಸಂದು. ಚಾಣದ ತುದಿಯನ್ನು ಸಿಮೆಂಟಿನ ನಡುವೆಯೇ ಇಡಬೇಕು, ಇಟ್ಟಿಗೆಯ ಅಂಚಿಗೆ ಉಸಿರು ಕೂಡ ತಾಗಬಾರದು. ಆ ಗುಂಡಿಯ ಹಳೆಯ ಸುಣ್ಣವನ್ನೇ ಕಲಸಿ ತುಂಬಬೇಕು, ಒದ್ದೆ ಗೋಣಿ ಹೊದಿಸಬೇಕು, ಆರದಂತೆ ನೀರು ಚಿಮುಕಿಸಬೇಕು. ಸಂಜೆ ಮನೆಗೆ ಬಂದ ಮೇಲೂ ಗೋಣಿ ಒಣಗಿದೆಯೇನೋ ಎಂದು ಮತ್ತೆ ಓಡುತ್ತಿದ್ದರು. ಮೇವಿಸ್ ಬೇಲಿಯ ಮೇಲೆ ಕೈ ಊರಿ, "ಹಸುಗೂಸಿಟ್ಟುಕೊಂಡ ಹಾಗಾಗಿದೆ ನನ್ನ ಬಾಳು" ಎಂದು ನನಗೆ ಹೇಳಿದರು.

ಜೂನ್ ಮೊದಲ ಭಾನುವಾರ ಐವಿ ಗೇಟು ದಾಟಿ ಬಂದರು. ಬೋರ್ಡಿನ ಮುಂದೆ ನಿಂತು ಕನ್ನಡಕ ಹಾಕಿಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದರು. ವ್ಯಾಪಾರಿಯನ್ನು, ಹೊಸ ಮುಖವನ್ನು, ವಿಧವೆಯನ್ನು, ಎಲ್ಲವನ್ನೂ. ಕೊನೆಯ ಎರಡು ಸಾಲಿನ ಹತ್ತಿರ ಹೆಚ್ಚೇನೂ ನಿಲ್ಲಲಿಲ್ಲ. ಕನ್ನಡಕ ಮಡಚಿ, ಸಾರವೆಯ ಮೇಲಿದ್ದ ಎಡ್ಗರ್‌ರನ್ನು ನೋಡಿ ತಲೆಯಾಡಿಸಿ, ಟೀ ಅಂಗಡಿಯತ್ತ ನಡೆದರು.

ಅದಾಗಿ ಒಂದು ಗಂಟೆಗೆ ಪೇಟೆಯಿಂದ ಬಂದಿದ್ದ ಗಂಡ ಹೆಂಡತಿ ಅದೇ ಬೋರ್ಡಿನ ಮುಂದೆ ನಿಂತರು. ಗಂಡ ಕೊನೆಯ ಸಾಲುಗಳನ್ನು ಗಟ್ಟಿಯಾಗಿ ಓದಿ ಲೊಚಗುಟ್ಟಿದ. ಮೇಲೆ ನೋಡಿ, ಕೆಲಸದ ಮನುಷ್ಯನೆಂದುಕೊಂಡು ಎಡ್ಗರ್‌ರನ್ನು ಕೇಳಿದ, "ಈ ಪ್ಯಾಲಂಟ್ ಅನ್ನೋನು ಎಂಥ ತಲೆ ಕೆಟ್ಟೋನು ಇರ್ಬೇಕು?"

ನಾನು ಲೋಟ ಎತ್ತುತ್ತಿದ್ದವಳು ಹಾಗೇ ನಿಂತೆ. ಎಡ್ಗರ್ ಚಾಣ ಇಟ್ಟಿದ್ದ ಸಂದಿನಿಂದ ಕಣ್ಣು ತೆಗೆಯಲಿಲ್ಲ. ಎರಡು ಪೆಟ್ಟು ಹಾಕಿದರು. ಬೂದು ಬಣ್ಣದ ಒಂದು ಚೂರು, ಇಟ್ಟಿಗೆಗೆ ಏನೂ ಆಗದ ಹಾಗೆ, ಬಿಡಿಸಿಕೊಂಡು ಕೆಳಗೆ ಬಿತ್ತು.

"ನಾನೇ ಅವನು" ಎಂದರು. "ಆ ನೀರಿನ ಬಕೆಟ್ಟು ಸ್ವಲ್ಪ ಮೇಲೆ ಕೊಡ್ತೀರಾ? ಬಿಸಿಲು ಬಂತು, ಗೋಣಿ ಒಣಗ್ತಾ ಇದೆ."